ಎರಡೂ ಕಡೆಯವರು ಬಂದು ಕರೆಯಬೇಕು

ನಮ್ಮ ಸಂಘದ ವಾರ್ಷಿಕ ಸಂಚಿಕೆಯ ಕೆಲಸ ನೋಡುವ ಲವೀನಾಬಾಯಿ ಫೋನ್ ಮಾಡಿದಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ.

“ಶೆಟ್ರೇ, ನಿಮ್ಮ ರೆಫ್ರಿಯಣ್ಣನ ಬಗ್ಗೆ ಬರೀತೀರಲ್ಲ, ಅದು ಶ್ರದ್ಧಾಂಜಲಿ ಪುಟಕ್ಕಾ, ಬೀಳ್ಕೊಡುಗೆ ಪುಟಕ್ಕಾ?”

“ಅದೇ ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ ಎಂತ ಮಾರಾಯ್ರೆ? ಜನ ಇದ್ದಾರಾ ಇಲ್ವಾ?”

“ಅದೇ ಗೊತ್ತಿಲ್ಲ ಬಾಯಿ.”

ಲವೀನಾಬಾಯಿ ಆಸ್ಪತ್ರೆಯಲ್ಲಿ ನರ್ಸ್. ಈ ಪ್ರಶ್ನೆಗೆ ಮೂರನೆಯ ಉತ್ತರವೊಂದು ಇರಬಹುದೆಂದು ಅವರು ಒಪ್ಪುವುದಿಲ್ಲ. ನಾನೂ ಒಪ್ಪುವವನಲ್ಲ. ಅಸ್ಕರ್ ಕಡೆಯ ಕಾರ್ಖಾನೆ, ವರ್ಕ್‌ಶಾಪುಗಳಿಗೆ ಕೈಗವಸು, ಸೇಫ್ಟಿ ಶೂ, ಹೆಲ್ಮೆಟ್ ಪೂರೈಸುವ ವ್ಯಾಪಾರಿ ನಾನು. ಯಾರದೋ ಅಂಗಡಿಯಲ್ಲಿ ಪೆಟ್ಟಿಗೆ ಇಳಿಸುವವನಾಗಿ ಈ ಬಹ್ರೇನ್ ದ್ವೀಪಕ್ಕೆ ಬಂದು, ಮಾತೊಂದನ್ನೇ ಬಂಡವಾಳ ಮಾಡಿಕೊಂಡು ನನ್ನದೇ ಗೋದಾಮು ಇಟ್ಟುಕೊಂಡೆ. ಎದುರಿಗೆ ಕೂತವನಿಗೆ ಏನು ಬೇಕು, ಎಷ್ಟರ ತನಕ ಬೇಕು ಎಂಬುದು ಚಹಾ ಮುಗಿಯುವುದರೊಳಗೆ ನನಗೆ ಗೊತ್ತಾಗಬೇಕು, ಗೊತ್ತಾಗುತ್ತದೆ. ಈ ಒಬ್ಬ ಮನುಷ್ಯನ ವಿಷಯದಲ್ಲಿ ಮಾತ್ರ ಪ್ರತಿ ಸಲವೂ ತಪ್ಪಿದೆ. ಈಗಲೂ ತಪ್ಪುತ್ತಿದ್ದೇನೋ ಏನೋ.

ಅವರ ಹೆಸರು ಬರೆಯುವುದಿಲ್ಲ. ಊರಿನ ಹೆಸರೂ ಬೇಡ. ಅಲ್ಲಿ ಅವರ ಅಕ್ಕ ಇದ್ದಾರೆ, ಹೆಸರು ಹುಡುಕಿಕೊಂಡು ಬರುವವರೂ ಇದ್ದಾರೆ. ಆಫ್ರಿಕದಲ್ಲಿ ಎರಡು ದೇಶಗಳು ‘ನಮ್ಮದು, ನಮ್ಮದು’ ಎನ್ನುವ ಒಂದು ಜಿಲ್ಲೆ ಅವರದು. ಅಷ್ಟು ಸಾಕು.

ಅಸ್ಕರ್‌ನಲ್ಲಿ ಕಿಟಕಿ ಚೌಕಟ್ಟು ಮಾಡುವ ಒಂದು ವರ್ಕ್‌ಶಾಪಿನಲ್ಲಿ ಅವರು ಸ್ಟೋರ್‌ಕೀಪರ್. ಉದ್ದ ಆಳು, ಕಪ್ಪು, ತೆಳ್ಳಗೆ. ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಇಳಿಬಿಟ್ಟಿರುತ್ತಿದ್ದರು. ಯಾರು ಏನು ಕೇಳಿದರೂ ಮೊದಲು ಕನ್ನಡಕ ತೆಗೆಯುವುದು, ಆಮೇಲೆ ಉತ್ತರ. ನಾನು ಮೊದಲ ಸಲ ಮಾಲು ಇಳಿಸಲು ಹೋದಾಗ “ಯಾ ಝೋಲ್, ತಫದ್ದಲ್” ಎಂದು ಕುರ್ಚಿ ತೋರಿಸಿದರು. ತಫದ್ದಲ್ ಎಂದರೆ ಬನ್ನಿ, ಕೂತುಕೊಳ್ಳಿ. ಅದು ಗೊತ್ತಿತ್ತು. ಝೋಲ್ ಎಂದದ್ದು ನನ್ನ ಹೊಟ್ಟೆಗೇ ಎಂದುಕೊಂಡೆ. ನಮ್ಮ ಜೋಲು ಬೀಳುವ ‘ಜೋಲು’ ಇವರಿಗೆ ಹೇಗೆ ಗೊತ್ತಾಯಿತಪ್ಪ ಎಂದು ಉಸಿರು ಬಿಗಿಹಿಡಿದು ಕೂತೆ. ಬಹಳ ತಿಂಗಳ ಮೇಲೆ ತಿಳಿಯಿತು, ಅವರ ಕಡೆ ಎಲ್ಲರನ್ನೂ ಹಾಗೆಯೇ ಕರೆಯುವುದಂತೆ. ಝೋಲ್ ಎಂದರೆ ಮನುಷ್ಯ, ಅಷ್ಟೆ.

ಅವತ್ತು ಕೆಂಪಗಿನ ತಣ್ಣನೆಯ ಶರಬತ್ತು ಕೊಟ್ಟರು. ಯಾವುದೋ ಹೂವಿನದಂತೆ. ನಾನು ನಮ್ಮೂರ ಪುನರ್ಪುಳಿಯೆಂದೇ ಕುಡಿದೆ, ಪುನರ್ಪುಳಿಯೆಂದೇ ಹೊಗಳಿದೆ. ಅವರೂ ತಲೆಯಾಡಿಸಿದರು. ನಮ್ಮಿಬ್ಬರ ಮಾತುಕತೆ ಕೊನೆಯವರೆಗೂ ಹೆಚ್ಚುಕಡಿಮೆ ಇದೇ ಧಾಟಿಯಲ್ಲಿ ನಡೆಯಿತು. ಅವರಿಗೆ ಇಲ್ಲಿ ಎಲ್ಲರೂ ಆಡುವ ಹಿಂದಿ ಬರುತ್ತಿತ್ತು, ನನಗೆ ಅಂಗಡಿಯ ಅರಬಿ ಬರುತ್ತಿತ್ತು. ನಡುವೆ ಉಳಿದದ್ದನ್ನು ಇಬ್ಬರೂ ತಲೆಯಾಡಿಸಿ ತುಂಬಿಸುತ್ತಿದ್ದೆವು.

ಅವರ ಜೊತೆ ಮಾರ್ಕೆಟ್ಟಿಗೆ ಹೋಗುವುದೆಂದರೆ ನನಗೆ ಅವಮಾನ. ಮೀನಿನವನು ಒಂದು ರೇಟು ಹೇಳುತ್ತಾನೆ, ಇವರು ಜೇಬಿಗೆ ಕೈ ಹಾಕುತ್ತಾರೆ! ಮೀನಿನವನಿಗೇ ಬೇಸರವಾಗುತ್ತಿತ್ತು.

“ಉಸ್ತಾದ್, ಹೀಗೆ ಮಾಡಬಾರದು” ಎಂದು ನಾನು ಪಾಠ ಶುರು ಮಾಡುತ್ತಿದ್ದೆ. ಓದುವವರಿಗೂ ಉಪಯೋಗಕ್ಕೆ ಬಂದೀತೆಂದು ಇಲ್ಲಿಯೂ ಹೇಳುತ್ತೇನೆ. ಬೇಕಾದ ವಸ್ತುವನ್ನು ಮೊದಲು ಮುಟ್ಟಬೇಡಿ, ಪಕ್ಕದ್ದನ್ನು ಮುಟ್ಟಿ. ಒಂದು ಬೇಕಿದ್ದರೆ ಹತ್ತರ ರೇಟು ಕೇಳಿ. ಕೊನೆಗೆ ಏನೂ ನಡೆಯದಿದ್ದರೆ ಎದ್ದು ಬಾಗಿಲ ಕಡೆ ನಡೆಯಿರಿ. ಹಿಂದೆ ತಿರುಗಬೇಡಿ. ಮಾರುವವನು ಕರೆಯುತ್ತಾನೆ.

“ಕರೆಯದಿದ್ದರೆ?” ಎಂದರು.

“ಕರೆಯುತ್ತಾನೆ.”

“ಯಾ ಝೋಲ್, ಕರೆಯದಿದ್ದರೆ?”

“ಕರೆದೇ ಕರೆಯುತ್ತಾನೆ ಉಸ್ತಾದ್. ಅವನಿಗೂ ಮಾರಬೇಕಲ್ಲ?”

ಅವರು ಕನ್ನಡಕ ತೆಗೆದು ಒರೆಸಿದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ಇನ್ನು ರೆಫ್ರಿಯಾದ ಕಥೆ. ಶುಕ್ರವಾರ ಸಂಜೆ ಅಸ್ಕರ್‌ನ ಕಾರ್ಮಿಕರ ಕ್ಯಾಂಪಿನ ಹಿಂದಿನ ಮರಳು ಮೈದಾನದಲ್ಲಿ ನಮ್ಮವರ ವಾಲಿಬಾಲ್ ನಡೆಯುತ್ತದೆ. ಒಂದು ಕಡೆ ಕ್ಯಾಂಪಿನ ಫಿಟ್ಟರು, ವೆಲ್ಡರುಗಳ ತಂಡ, ಇನ್ನೊಂದು ಕಡೆ ಪೇಟೆಯ ಸೀಫ್‌ನ ಆಫೀಸು, ಹೋಟೆಲುಗಳಲ್ಲಿ ಕೆಲಸ ಮಾಡುವವರ ತಂಡ. ಎರಡೂ ನಮ್ಮ ಕರಾವಳಿಯವರದೇ. ಆದ್ದರಿಂದಲೇ ಜಗಳ. ಬಾಲು ಗೆರೆಯ ಮೇಲೆ ಬಿದ್ದರೆ ಒಳಗೆ ಎನ್ನುವವರು ಇಷ್ಟು ಜನ, ಹೊರಗೆ ಎನ್ನುವವರು ಅಷ್ಟು ಜನ. ನಮ್ಮವರೇ ಒಬ್ಬರು ರೆಫ್ರಿಯಾಗಿದ್ದರು; ಅವರ ಭಾವ ಕ್ಯಾಂಪಿನ ತಂಡದಲ್ಲಿ ಸಿಕ್ಕಿಬಿದ್ದ. ಮಲಯಾಳಿ ಒಬ್ಬರನ್ನು ತಂದೆವು; ಅವರು ಸೀಫ್ ತಂಡದವರ ಹೋಟೆಲಿನಲ್ಲಿ ಊಟ ಮಾಡುತ್ತಾರೆಂದು ಗಲಾಟೆಯಾಯಿತು. ಕೊನೆಗೆ ನಾನೇ ಹೇಳಿದೆ, ನಮ್ಮ ಭಾಷೆ, ನಮ್ಮ ಊಟ, ನಮ್ಮ ಸಂಬಂಧ ಯಾವುದೂ ಗೊತ್ತಿಲ್ಲದವರನ್ನು ತರುತ್ತೇನೆ ಎಂದು.

ಸ್ಟೋರಿಗೆ ಹೋಗಿ ಕೇಳಿದೆ. ಹುಡುಗನಾಗಿದ್ದಾಗ ಮಿಷನ್ ಶಾಲೆಯಲ್ಲಿ ವಾಲಿಬಾಲ್ ಆಡಿದ್ದರಂತೆ. ಆದರೂ ಒಪ್ಪಲಿಲ್ಲ.

“ನೀನು ಕರೆದರೆ ನಾನು ನಿನ್ನ ಕಡೆಯವನಾಗುತ್ತೇನೆ. ಎರಡೂ ಕಡೆಯವರು ಒಟ್ಟಿಗೆ ಬಂದು ಕರೆಯಬೇಕು.”

“ನಾನು ಯಾವ ಕಡೆಯವನೂ ಅಲ್ಲವಲ್ಲ ಉಸ್ತಾದ್.”

“ಒಟ್ಟಿಗೆ” ಎಂದು ಎರಡೂ ಅಂಗೈ ಎತ್ತಿ ತೋರಿಸಿದರು.

ಮಾತು ಬಿಟ್ಟಿದ್ದ ಇಬ್ಬರು ಕ್ಯಾಪ್ಟನ್ನರನ್ನು ನನ್ನ ವ್ಯಾನಿನಲ್ಲಿ ಒಂದೇ ಸೀಟಿನಲ್ಲಿ ಕೂರಿಸಿ ಕರೆದುಕೊಂಡು ಹೋಗಬೇಕಾಯಿತು. ಅಕ್ಕಪಕ್ಕ ನಿಂತು, ಒಬ್ಬರ ಮುಖ ಒಬ್ಬರು ನೋಡದೆ, ಒಟ್ಟಿಗೆ “ಪ್ಲೀಸ್ ಕಮ್” ಎಂದರು. ಆ ಮೇಲೆ ಪ್ರತಿ ಶುಕ್ರವಾರ ನನ್ನ ಗೋದಾಮಿನ ಅಲ್ಯೂಮಿನಿಯಂ ಏಣಿಯೇ ಅವರ ಪೀಠ. ಹತ್ತಿ ಕೂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಎರಡೂ ಅಂಗೈ ಎತ್ತಿ, ಆಮೇಲೆ ಸೀಟಿ. ಅವರ ತೀರ್ಪು ಸರಿ ಎಂದು ನಾನು ಹೇಳುವುದಿಲ್ಲ. ಕನ್ನಡಕ ಮಸುಕಾಗಿ ಬಾಲು ಬಿದ್ದದ್ದೇ ಕಾಣದ ದಿನಗಳಿದ್ದವು. ಆದರೂ ಜಗಳ ನಿಂತಿತು. ಬೈಯುವುದು ನಿಂತಿರಲಿಲ್ಲ. ಆದರೆ ಬೈದದ್ದು ಅರ್ಥವಾಗದ ಮನುಷ್ಯನಿಗೆ ಎಷ್ಟು ಹೊತ್ತು ಬೈಯುತ್ತೀರಿ? ಜನ ರೆಫ್ರಿಯಣ್ಣ ಎನ್ನತೊಡಗಿದರು.

ಆ ವರ್ಷವೇ ಅವರ ಮುಖ ಬಾಡಿದ್ದು. ಫೋನು ಬಂದಾಗಲೆಲ್ಲ ಸ್ಟೋರಿನ ಹೊರಗೆ ಹೋಗಿ ಬಿಸಿಲಲ್ಲಿ ನಿಂತು ಮಾತಾಡುತ್ತಿದ್ದರು. ಏನಾಯಿತೆಂದು ಕೇಳಿದೆ.

“ತಕ್ರೀರ್” ಎಂದರು. “ನಮ್ಮ ಊರಲ್ಲಿ ತಕ್ರೀರ್ ಮಸೀರ್. ಆಯಿತು. ಈಗ ಕಷ್ಟ.”

ನನ್ನ ಕಿವಿಗೆ ಕೇಳಿಸಿದ್ದು ‘ತಕರಾರು’. ನಮ್ಮ ಕಚೇರಿ ಮಾತುಗಳೆಷ್ಟೋ ಅರಬಿಯಿಂದ ಬಂದವು, ಇದೂ ಅದೇ ಎಂದು ಖುಷಿಯೂ ಆಯಿತು. ತಕರಾರು ಎಂದರೆ ಗಡಿಕಲ್ಲಿನ ತಕರಾರು, ಜಾಗದ ತಕರಾರು. ಅದರಲ್ಲಿ ನನ್ನ ಸಲಹೆ ಕೇಳಿ ಗೆದ್ದವರು ಊರಲ್ಲಿ ಬೇಕಾದಷ್ಟಿದ್ದಾರೆ.

“ಸರ್ವೆ ಮಾಡಿಸಿದ್ದೀರಾ?” ಎಂದೆ.

“ಮಾಡಿಸಿದ್ದಾರೆ. ಹೊರಗಿನಿಂದ ಜನ ಬಂದು ಗೆರೆ ಹಾಕಿದರು.”

“ಮತ್ತೇನು? ಕಲ್ಲು ಹಾಕಿಸಿ.”

“ಕಲ್ಲು ಹಾಕಿದವರನ್ನು ಕೊಂದರು.”

ಭಾಷೆ ಎಲ್ಲೋ ತಪ್ಪಿತು, ಕಿತ್ತರು ಎನ್ನಬೇಕಾದಲ್ಲಿ ಕೊಂದರು ಎಂದಿದ್ದಾರೆ ಎಂದುಕೊಂಡೆ. “ಕಿತ್ತರೆ ಮತ್ತೆ ಹಾಕಿಸಬೇಕು ಉಸ್ತಾದ್, ಬಿಡಬಾರದು. ಒಂದು ಬೇಲಿ ಎಳೆದುಬಿಡಿ. ನಡುವೆ ಒಬ್ಬ ದೊಡ್ಡ ಮನುಷ್ಯನನ್ನು ನಿಲ್ಲಿಸಿ, ಎರಡೂ ಕಡೆಯವರು ಮರ್ಯಾದೆ ಕೊಡುವಂಥವನನ್ನು.”

ಅವರು ಕನ್ನಡಕ ತೆಗೆದರು. “ಅದೇ, ಅದೇ ಬೇಕಾಗಿರುವುದು” ಎಂದು ನನ್ನ ಕೈ ಹಿಡಿದುಕೊಂಡರು.

ಮುಂದಿನ ವಾರ ಮಾಲು ಇಳಿಸುತ್ತಿದ್ದಾಗ ಕೇಳಿದರು: “ನಮ್ಮ ಊರಿಗೆ ನೀಲಿ ಹೆಲ್ಮೆಟ್ ಬೇಕು. ಹೇಗೆ ತರಿಸುವುದು? ನಿನಗೆ ಮಾತಾಡಿ ತರಿಸುವುದು ಗೊತ್ತಲ್ಲ?”

ಹೆಲ್ಮೆಟ್ ನನ್ನ ಕಸುಬು. ಬಿಳಿ ಎಂಜಿನಿಯರಿಗೆ, ಹಳದಿ ಕೆಲಸಗಾರನಿಗೆ, ನೀಲಿ ಎಲೆಕ್ಟ್ರಿಷಿಯನ್ನಿಗೆ. ಬೇಲಿಗೆ ಕರೆಂಟ್ ಕೊಡುತ್ತಾರೇನೋ ಎಂದುಕೊಂಡೆ. “ಎಷ್ಟು ಬೇಕು?”

“ಸಾವಿರ ಇದ್ದರೆ ಸಾಕು.”

ಸಾವಿರ! ಇಷ್ಟು ವರ್ಷ ಪಕ್ಕದಲ್ಲೇ ಇದ್ದ ದೊಡ್ಡ ಗಿರಾಕಿಯನ್ನು ಗುರುತಿಸದೆ ಹೋದೆನಲ್ಲ! ಅಲ್ಲೇ ನಿಂತು ದಮ್ಮಾಮಿನ ಸಪ್ಲಯರಿಗೆ ಫೋನ್ ಹಚ್ಚಿ, ಸಾಗಣೆ ಸೇರಿಸಿ ರೇಟು ಕೇಳಿ, ಇವರಿಗೆ ಹೇಳಿದೆ. “ಉಸ್ತಾದ್, ಸ್ಟ್ರಾಪ್ ಸಹಿತ ಬೇಕಾ, ಸ್ಟ್ರಾಪ್ ಇಲ್ಲದ್ದಾ?”

ಅವರು ನಕ್ಕರು. ಸ್ಟೋರಿನ ಕಪಾಟು ಹಿಡಿದುಕೊಂಡು, ಬಗ್ಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನಗು ಯಾವಾಗ ನಿಂತಿತೋ, ನೀರು ಮಾತ್ರ ನಿಲ್ಲಲಿಲ್ಲ. ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ನನ್ನನ್ನು ಕೂರಿಸಿ, ಚಿಕ್ಕ ಮಗುವಿಗೆ ಹೇಳುವ ಹಾಗೆ ಹೇಳಿದರು.

ತಕ್ರೀರ್ ಮಸೀರ್ ಎಂದರೆ ತಕರಾರು ಅಲ್ಲ. ನಮ್ಮ ಹಣೆಬರಹ ನಾವೇ ತೀರ್ಮಾನಿಸುತ್ತೇವೆ ಎಂದು ಒಂದು ಸೀಮೆಯ ಜನ ಓಟು ಹಾಕುವುದು. ಅವರ ಜಿಲ್ಲೆಯವರು ತಾವಾಗಿಯೇ ಓಟು ಹಾಕಿದ್ದರು, ಎರಡು ದೇಶಗಳಲ್ಲಿ ಯಾವುದಕ್ಕೆ ಸೇರುತ್ತೇವೆಂದು. ಎರಡು ಸರ್ಕಾರಗಳೂ ಅದನ್ನು ಓಟು ಎಂದು ಒಪ್ಪಲಿಲ್ಲ. ಇವರನ್ನು ತಾಯಿಯ ಹಾಗೆ ಸಾಕಿದ ಅಕ್ಕ ಆ ದಿನ ಶಾಲೆಯ ಜಗಲಿಯಲ್ಲಿ ಮೇಜು ಹಾಕಿ ಕೂತು ಬಂದವರ ಹೆಬ್ಬೆರಳಿಗೆ ಶಾಯಿ ಹಚ್ಚಿದವರು. ಅವರ ಮುಖ ಎಲ್ಲರಿಗೂ ಗೊತ್ತು. ಈಗ ಅಲ್ಲಿ ಮಳೆಗಾಲ. ದಾರಿ ಕೆಸರಾಗಿ ಮುಚ್ಚಿದೆ, ಅದಕ್ಕೇ ಅಕ್ಕ ಬದುಕಿದ್ದಾರೆ. ಮಳೆ ನಿಂತು ದಾರಿ ಒಣಗಿದರೆ ಬಂದೂಕಿನವರು ಎರಡೂ ಕಡೆಯಿಂದ ಬರುತ್ತಾರೆ. ಅಷ್ಟರೊಳಗೆ ಹೊರದೇಶದ ಸೈನಿಕರು, ಗುಂಡು ಹೊಡೆಯಲಿಕ್ಕಲ್ಲ, ಸುಮ್ಮನೆ ನಡುವೆ ನಿಲ್ಲಲಿಕ್ಕೆ ಬರುವ ಆ ನೀಲಿ ಹೆಲ್ಮೆಟ್ಟಿನವರು ಬಂದು ನಿಂತರೆ ಅಕ್ಕ ಉಳಿಯುತ್ತಾರೆ.

“ಅಕ್ಕನನ್ನು ಇಲ್ಲಿಗೆ ಕರೆಸಿ ಉಸ್ತಾದ್. ವೀಸಾ ನಾನು ನೋಡುತ್ತೇನೆ.”

“ಓಟು ಹಾಕಿ ಎಂದು ಕರೆದವಳು ತಾನೇ, ಹಾಕಿದವರನ್ನು ಬಿಟ್ಟು ಬರುವುದಿಲ್ಲವಂತೆ.”

ಬೇರೆಯವರಾಗಿದ್ದರೆ ಇಲ್ಲಿ ಕೈಮುಗಿದು ಎದ್ದುಬಿಡುತ್ತಿದ್ದರು. ನನಗೆ ಹುಮ್ಮಸ್ಸು ಬಂತು. ಕೊಡುವವರು ಎಲ್ಲೋ ಇದ್ದಾರೆ, ಬೇಕಾದವರು ಇಲ್ಲಿದ್ದಾರೆ. ನಡುವೆ ಮಾತಾಡುವವನು ಒಬ್ಬ ಕಡಿಮೆ. ಅದು ನಾನೇ ಎಂದುಕೊಂಡೆ.

ಅವರು ಕಂಡಕಂಡ ರಾಯಭಾರ ಕಚೇರಿಗಳಿಗೆಲ್ಲ ಬರೆದಿದ್ದರು. ಒಂದು ದೊಡ್ಡ ದೇಶದ ಕಚೇರಿಯ ಒಬ್ಬ ಸಣ್ಣ ವಯಸ್ಸಿನ ಅಧಿಕಾರಿ, ಇದು ಆಫೀಸಿನ ಮಾತಲ್ಲ, ಸುಮ್ಮನೆ ಒಂದು ಕಾಫಿ ಎಂದು ಸೀಫ್‌ನ ಮಾಲ್ ಒಂದರಲ್ಲಿ ಸಿಗಲು ಒಪ್ಪಿದ. ದಾರಿಯುದ್ದಕ್ಕೂ ನಾನು ಕಲಿಸಿದೆ. “ಸಾವಿರ ಬೇಕಿದ್ದರೆ ಹತ್ತು ಸಾವಿರ ಕೇಳಿ. ಅಕ್ಕನ ವಿಷಯ ಎತ್ತಲೇ ಬೇಡಿ, ಅಗತ್ಯ ಗೊತ್ತಾದರೆ ರೇಟು ಏರುತ್ತದೆ.” ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಮಡಿಲಲ್ಲಿ ಕೈ ಇಟ್ಟುಕೊಂಡು, ಪರೀಕ್ಷೆಗೆ ಹೋಗುವವರ ಹಾಗೆ ಕೂತಿದ್ದರು.

ಆ ಅಧಿಕಾರಿ ಒಳ್ಳೆಯವನೇ. ನನಗಿಂತ ಚೆನ್ನಾಗಿ ಅರಬಿ ಮಾತಾಡುತ್ತಿದ್ದ. ಎಲ್ಲ ಕೇಳಿಕೊಂಡು ಹೇಳಿದ: “ಶಾಂತಿ ಕಾಯುವವರನ್ನು ಕಳಿಸಬೇಕಾದರೆ ಅಲ್ಲಿ ಮೊದಲು ಕಾಯಲಿಕ್ಕೆ ಶಾಂತಿ ಇರಬೇಕು. ಒಂದು ಒಪ್ಪಂದ, ಒಂದು ಕದನ ವಿರಾಮ, ಏನಾದರೂ.”

ನಾನು ಬಾಯಿ ಹಾಕಿದೆ. “ಸರ್, ಶಾಂತಿ ಇದ್ದರೆ ನಾವು ನಿಮ್ಮ ಕಾಫಿಗೆ ಯಾಕೆ ಬರುತ್ತಿದ್ದೆವು? ಇಲ್ಲದ್ದನ್ನು ಕಾಯುವುದಿಲ್ಲ ಅಂತೀರಿ. ಇದ್ದರೆ ಕಾಯುವುದು ಯಾಕೆ? ಇದು ಯಾವ ವ್ಯಾಪಾರ?”

ಅವನು ನಕ್ಕ, ಆದರೆ ತಮಾಷೆಗಲ್ಲ. “ನನಗೂ ಪೂರ್ತಿ ಅರ್ಥವಾಗಿದೆ ಅಂತಲ್ಲ. ಆದರೆ ನಿಯಮ ಇದೇ. ಒಂದು ಕಡೆಯವರು ಕರೆದರೆ ನಾವು ಆ ಕಡೆಯವರಾಗುತ್ತೇವೆ. ಎರಡೂ ಕಡೆಯವರು ಬಂದು ಕರೆಯಬೇಕು.”

ನಾನು ತಿರುಗಿ ರೆಫ್ರಿಯಣ್ಣನ ಮುಖ ನೋಡಿದೆ. ಅವರು ಕನ್ನಡಕ ತೆಗೆಯಲು ದಾರಕ್ಕೆ ಕೈ ಹಾಕಿದವರು ಹಾಗೆಯೇ ಹಿಡಿದುಕೊಂಡಿದ್ದರು. ಅದು ಅವರದೇ ಮಾತು. ಅದೇ ಮಾತಿಗಾಗಿ ನಾನು ಇಬ್ಬರು ಕ್ಯಾಪ್ಟನ್ನರನ್ನು ವ್ಯಾನಿಗೆ ಹತ್ತಿಸಿದ್ದು. ತಪ್ಪು ಎನ್ನುವುದು ಹೇಗೆ? ಸರಿ ಎಂದರೆ ಅಕ್ಕ?

ಇನ್ನು ಉಳಿದದ್ದು ಬಾಗಿಲಿನ ಉಪಾಯ ಒಂದೇ. ಎದ್ದೆ, ಅವರ ತೋಳು ಹಿಡಿದು ಎಬ್ಬಿಸಿದೆ. “ನಡೆಯಿರಿ. ಹಿಂದೆ ನೋಡಬೇಡಿ.” ಎಸ್ಕಲೇಟರಿನ ತನಕ ನಡೆದೆವು. ಬಟ್ಟೆಯಂಗಡಿ ದಾಟಿತು, ವಾಚಿನಂಗಡಿ ದಾಟಿತು. ನನ್ನ ಕಿವಿಯೆಲ್ಲ ಹಿಂದೆ. ನನ್ನ ಜನ್ಮದಲ್ಲಿ ಅಷ್ಟು ದೂರ ಯಾರೂ ನನ್ನನ್ನು ಸುಮ್ಮನೆ ಹೋಗಲು ಬಿಟ್ಟದ್ದಿಲ್ಲ.

“ಯಾ ಝೋಲ್” ಎಂದರು ಅವರು, “ಅವನಿಗೆ ಮಾರಬೇಕಾಗಿಲ್ಲ.”

ತೋಳು ಬಿಡಿಸಿಕೊಂಡು ಹಿಂದೆ ಹೋದರು. ನಾನು ಎಸ್ಕಲೇಟರಿನ ಪಕ್ಕದಲ್ಲೇ ನಿಂತೆ. ದೂರದಿಂದ ಕಂಡಿತು: ಇವರು ಮತ್ತೆ ಕೂತು, ಮೇಜಿನ ಮೇಲೆ ಬಗ್ಗಿ, ಒಂದು ಬೆರಳು ಎತ್ತಿ ತೋರಿಸಿದರು. ಆ ಹುಡುಗ ಏನನ್ನೋ ಬರೆದುಕೊಂಡ.

ವಾಪಸು ಹೋಗುವಾಗ ಹಮದ್ ಟೌನಿನ ರೌಂಡಬೌಟ್ ಬರುವ ತನಕ ಕಾದೆ. ತಡೆಯಲಾಗಲಿಲ್ಲ. “ಬೆರಳು ಎತ್ತಿದ್ದು ಎಂತದಕ್ಕೆ?”

“ಒಬ್ಬನನ್ನು ಕಳಿಸಿ ಎಂದೆ. ಒಬ್ಬ ಸಾಕು. ನೀಲಿ ಹೆಲ್ಮೆಟ್ ಹಾಕಿಕೊಂಡು, ನಮ್ಮ ಊರಿನ ದಾರಿ ಹೊಳೆ ದಾಟುವಲ್ಲಿ ಒಂದು ಕುರ್ಚಿಯ ಮೇಲೆ ಕೂರಲಿ.”

“ಸಾವಿರದಿಂದ ಒಂದಕ್ಕೆ ಇಳಿದುಬಿಟ್ಟಿರಾ? ಹಾಗೆ ಇಳಿಯುತ್ತಾರಾ ಯಾರಾದರೂ? ನಡುವೆ ಐನೂರು ಇಲ್ವಾ, ಇನ್ನೂರು ಇಲ್ವಾ? ಒಂದು ಎಂದ ಮೇಲೆ ಅವನು ಇನ್ನೆಲ್ಲಿಗೆ ಇಳಿಸುವುದು?”

“ಅದಕ್ಕೇ” ಎಂದರು.

ಬಯ್ಯುವ ಭರದಲ್ಲಿ ನಮ್ಮ ತಿರುವು ತಪ್ಪಿತು. ಇನ್ನೊಂದು ಸುತ್ತು ಹೊಡೆದೆ, ಮತ್ತೆ ತಪ್ಪಿತು. ಅದು ಮೂರ್ಖತನದ ಚೌಕಾಸಿಯೋ, ಅದಕ್ಕಿಂತ ದೊಡ್ಡ ಚೌಕಾಸಿ ಇಲ್ಲವೋ ಎಂದು ಆ ರೌಂಡಬೌಟಿನಲ್ಲಿ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ.

ಉತ್ತರ ಬರಲಿಲ್ಲ. ಅಕ್ಕನ ಫೋನು ಬರುತ್ತಿತ್ತು. ಮಳೆ ಕಡಿಮೆಯಾಗುತ್ತಿದೆ ಎಂಬ ಸುದ್ದಿಯನ್ನು ಅಷ್ಟು ಹೆದರಿಕೆಯಿಂದ ಕೇಳುವವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆಮೇಲಿನ ಒಂದು ಶುಕ್ರವಾರ ಆದದ್ದನ್ನು ನಮ್ಮ ಸಂಘದ ಬಹಳಷ್ಟು ಜನ ಕಣ್ಣಾರೆ ಕಂಡಿದ್ದಾರೆ. ಕೊನೆಯ ಸೆಟ್ಟು, ಬಾಲು ಗೆರೆಯ ಹತ್ತಿರ ಬಿತ್ತು. ರೆಫ್ರಿಯಣ್ಣ ಹೊರಗೆ ಎಂದರು. ಕ್ಯಾಂಪಿನ ಕ್ಯಾಪ್ಟನ್ ಉರಿದುಬಿದ್ದ.

“ಕಣ್ಣು ಕಾಣುದಿಲ್ವಾ ನಿಮ್ಗೆ? ಇಳೀರಿ ಮಾರಾಯ್ರೆ! ನಮ್ಗೆ ಈ ರೆಫ್ರಿ ಬೇಡ. ಶೆಟ್ರೇ, ಇಳಿಸಿ ಇವ್ರನ್ನು!”

ಸೀಫ್‌ನ ಕ್ಯಾಪ್ಟನ್ ಮುಂದೆ ಬಂದ. “ಸೋಲುವಾಗ ರೆಫ್ರಿ ಬೇಡ, ಗೆಲ್ಲುವಾಗ ಬೇಕಾ? ನೆಟ್ ದಾಟಿ ಬಾ ನೀನು, ತೋರಿಸ್ತೇನೆ.”

“ಬಂದ್ರೆ ಎಂತ ಮಾಡ್ತಿ? ಕಂಪ್ಯೂಟರಲ್ಲಿ ಹೊಡಿತಿಯಾ?”

ಎರಡು ತಂಡಗಳೂ ನೆಟ್ಟಿನ ಹತ್ತಿರ ಸೇರಿದವು. ಒಂದು ಕಡೆಯವರು ಬೇಡ ಎಂದಾಯಿತು. ರೆಫ್ರಿಯಣ್ಣನ ಕಾನೂನಿನ ಪ್ರಕಾರ ಅವರು ಇಳಿಯಬೇಕು. ನಾನು ಏಣಿ ಹಿಡಿದು, “ಉಸ್ತಾದ್, ಇಳಿಯಿರಿ, ಏಟು ಬಿದ್ದೀತು” ಎಂದೆ. ಇಳಿಯಲಿಲ್ಲ. ಸೀಟಿ ಊದಲಿಲ್ಲ, ಕೈ ಎತ್ತಲಿಲ್ಲ, ಮಾತೂ ಇಲ್ಲ. ಯಾರೋ ಏಣಿಯನ್ನು ಅಲ್ಲಾಡಿಸಿದರು. ಅವರು ಮೇಲಿನ ಮೆಟ್ಟಿಲು ಗಟ್ಟಿಯಾಗಿ ಹಿಡಿದುಕೊಂಡು, ಕೂತೇ ಇದ್ದರು. ಬೈದರು, ಬೈದರು. ಕತ್ತಲಾಗುತ್ತ ಬಂತು. ಒಬ್ಬ ವೆಲ್ಡರ್ ಬೇಸತ್ತು ಹೇಳಿದ: “ಓ ದೇವ್ರೆ, ಈ ಜನ ಇಳಿಯುವ ಹಾಗೆ ಕಾಣುದಿಲ್ಲ. ಸರ್ವಿಸ್ ಮಾಡಿ ಮಾರಾಯ್ರೆ, ನಂಗೆ ಅಡುಗೆ ಉಂಟು.”

ಆಟ ಮುಂದುವರಿಯಿತು.

ವ್ಯಾನಿನಲ್ಲಿ ಕೇಳಿದೆ. “ಒಂದು ಕಡೆಯವರು ಬೇಡ ಎಂದರಲ್ಲ, ಇಳಿಯಬೇಕಿತ್ತಲ್ಲ? ಎರಡೂ ಕಡೆಯವರು ಅಂತ ನೀವೇ ಹೇಳಿದ್ದು.”

“ಹೌದು, ನಾನೇ ಹೇಳಿದ್ದು” ಎಂದರು. “ಇಳಿಯದಿದ್ದರೆ ಏನಾಗುತ್ತದೆ ಎಂದು ನೋಡಿದೆ.”

“ಏನಾಯಿತು?”

“ನಿಮ್ಮವರು ಬೈದರು. ಹೊಡೆದುಕೊಳ್ಳಲಿಲ್ಲ.” ಸ್ವಲ್ಪ ದೂರ ಹೋದ ಮೇಲೆ, “ನಿಮ್ಮವರ ಹತ್ತಿರ ಬಂದೂಕು ಇಲ್ಲ, ಅದೂ ಹೌದು” ಎಂದರು.

ಇದಾದ ಹತ್ತಿರದಲ್ಲೇ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಊರಿಗೆ ಹೋಗುತ್ತೇನೆ ಎಂದು ನನ್ನ ಗೋದಾಮಿಗೆ ಬಂದರು. ನಾನು ಕೂರಿಸಿ ತಿಳಿಹೇಳಿದೆ. ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಮಾತಾಡಿದ್ದೇ ಇಲ್ಲ. “ಹೋಗಿ ಏನು ಮಾಡುತ್ತೀರಿ? ನೀವು ಅಲ್ಲಿಯವರು. ನಡುವೆ ಕೂತರೆ ಯಾರು ನಂಬುತ್ತಾರೆ? ಆ ಕಡೆಯವರಿಗೆ ನೀವು ಈ ಕಡೆಯವರೇ.”

ಅವರು ಕನ್ನಡಕ ತೆಗೆದರು. “ನೀನು ಊರಿಗೆ ಹೋದಾಗ ನಿನ್ನನ್ನು ಏನೆನ್ನುತ್ತಾರೆ?”

“ಬಹ್ರೇನ್ ಶೆಟ್ರು ಅಂತಾರೆ.”

“ನನ್ನನ್ನೂ ಹಾಗೆಯೇ. ಆ ಊರಿನವನು ಅಂತ ಈಗ ಎರಡೂ ಕಡೆಯವರು ಹೇಳುವುದಿಲ್ಲ. ಬಹ್ರೇನಿನವನು ಅಂತಾರೆ.” ನಕ್ಕರು. “ಇಷ್ಟು ವರ್ಷ ಇಲ್ಲಿದ್ದು ಸಂಪಾದಿಸಿದ್ದು ಅದೊಂದೇ. ಉಪಯೋಗಕ್ಕೆ ಬರುತ್ತದೋ ನೋಡೋಣ.”



ಎದ್ದು ಕಪಾಟಿನ ಕಡೆ ಹೋದರು. ಒಂದು ಜೊತೆ ಕೈಗವಸು ಎತ್ತಿ, ತಿರುಗಿಸಿ, ರೇಟು ಕೇಳಿದರು. ಶೂ ಮುಟ್ಟಿದರು, ಬೇಡವೆಂದು ಇಟ್ಟರು. ಆಮೇಲೆ, ಏನೋ ಈಗ ಕಣ್ಣಿಗೆ ಬಿತ್ತು ಎನ್ನುವ ಹಾಗೆ, ನೀಲಿ ಹೆಲ್ಮೆಟ್ಟಿನ ಕಡೆ ಗಲ್ಲ ಎತ್ತಿ, “ಇದು ಹತ್ತು ತಗೊಂಡರೆ ಹೇಗೆ ಕೊಡುತ್ತೀ?” ಎಂದರು.

ನನಗೆ ಅರ್ಥವಾಯಿತು. ಸುಮ್ಮನೆ ತೆಗೆದುಕೊಂಡು ಹೋಗಿ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಆದರೆ ಅವರು ಮೊದಲ ಸಲ ಚೌಕಾಸಿಗೆ ಇಳಿದಿದ್ದರು, ಕೊಟ್ಟುಬಿಟ್ಟರೆ ಅವಮಾನವಾಗುತ್ತದೆ. ಹೋಗಬಾರದು ಎಂಬ ಆಸೆಯೂ ಇತ್ತು, ರೇಟಿನಲ್ಲಾದರೂ ತಡೆಯೋಣ ಎಂದು. ಬಾಯಿಗೆ ಬಂದಷ್ಟು ಏರಿಸಿ ಹೇಳಿದೆ.

“ಒಂದಕ್ಕಾ, ಹತ್ತಕ್ಕಾ?”

“ಒಂದಕ್ಕೆ.”

“ಬಣ್ಣ ಮಾಸಿದೆ.”

“ಅದು ಧೂಳು ಉಸ್ತಾದ್.”

“ಸ್ಟ್ರಾಪ್ ಸಡಿಲ ಇದೆ.”

“ಬಿಗಿಯಾಗಿಯೇ ಇದೆ.”

ಅವರು ಒಂದು ರೇಟು ಹೇಳಿದರು, ಕೇಳಿದರೆ ನಗು ಬರುವಂಥದ್ದು. ನಾನು ಆಗುವುದಿಲ್ಲ ಎಂದೆ. ಸರಿ ಎಂದು ಹೆಲ್ಮೆಟ್ಟನ್ನು ಅದರ ಜಾಗದಲ್ಲಿಟ್ಟು ಬಾಗಿಲ ಕಡೆ ನಡೆದರು. ಉದ್ದ ಕಾಲು, ನಿಧಾನ ನಡಿಗೆ. ಹಿಂದೆ ನೋಡಲಿಲ್ಲ. ಹೊಸ್ತಿಲು ದಾಟಿ ಒಂದು ಕಾಲು ಬಿಸಿಲಿಗೆ ಇಟ್ಟರು.

“ಬನ್ನಿ ಉಸ್ತಾದ್!” ಎಂದೆ. “ಬನ್ನಿ, ತಗೊಳ್ಳಿ!”

ಅಲ್ಲೇ ನಿಂತು, ಇನ್ನೂ ತಿರುಗದೆ, ಎರಡೂ ಅಂಗೈ ಎತ್ತಿದರು. ಆಮೇಲೆ ತಿರುಗಿದಾಗ ಮುಖದ ತುಂಬ ನಗು. “ನೋಡು, ಕರೆಯುತ್ತಾನೆ!”

ಹೆಲ್ಮೆಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋದರು. ಆ ವಾರವೇ ವಿಮಾನ ಹತ್ತಿದರು.

ತಲುಪಿದ ಮೇಲೆ ಒಂದು ಧ್ವನಿ ಸಂದೇಶ ಬಂತು. ಅಕ್ಕ ಚೆನ್ನಾಗಿದ್ದಾಳೆ, ಮಳೆ ಇನ್ನೂ ಪೂರ್ತಿ ನಿಂತಿಲ್ಲ, ಹೊಳೆ ದಾಟುವಲ್ಲಿ ಒಂದು ಒಳ್ಳೆಯ ಮರ ಇದೆ, ಕುರ್ಚಿ ಸಿಕ್ಕಿದೆ. ಹಿಂದೆ ಯಾರೋ ಹೆಂಗಸು ಗದರುತ್ತಿದ್ದರು. ಅಕ್ಕ ಇರಬೇಕು. ಆಮೇಲೆ ಏನೂ ಇಲ್ಲ. ಒಂದು ದಿನ ಚಹಾದಂಗಡಿಯ ಟೀವಿಯಲ್ಲಿ ಹೊಳೆಯ ಪಕ್ಕ ನೀಲಿ ಹೆಲ್ಮೆಟ್ಟಿನವರು ಲಾರಿಯಿಂದ ಇಳಿಯುವುದನ್ನು ತೋರಿಸಿದರು. ನಾನು ಎದ್ದು ನಿಂತೆ. ಹೇಳಿದ ಊರಿನ ಹೆಸರು ಅದಲ್ಲ. ಅಥವಾ ಅರಬಿಯಲ್ಲಿ ಅದಕ್ಕೇ ಇನ್ನೊಂದು ಹೆಸರೋ? ಪಕ್ಕದಲ್ಲಿದ್ದವರನ್ನು ಕೇಳಿದೆ, ಅಷ್ಟರಲ್ಲಿ ಫುಟ್‌ಬಾಲ್ ಬಂತು.

ಮೈದಾನದಲ್ಲಿ ಈಗ ಏಣಿ ಖಾಲಿ ಇರುತ್ತದೆ. ತೆಗೆದುಕೊಂಡು ಹೋಗಲು ಹೋದೆ. ಅವತ್ತು ಇಳಿಯಿರಿ ಎಂದು ಕೂಗಿದ ಕ್ಯಾಂಪಿನ ಕ್ಯಾಪ್ಟನ್ನೇ, “ಅಲ್ಲೇ ಇರ್ಲಿ ಶೆಟ್ರೇ, ಎಂತ ತೊಂದ್ರೆ ಉಂಟು ನಿಮ್ಗೆ?” ಎಂದ. ಸೀಫ್‌ನವನೂ ತಲೆಯಾಡಿಸಿದ. ಹೋದ ತಿಂಗಳು ನಾನು ಅವರಿಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ, ಫೋನಿನಲ್ಲಿ ಒಟ್ಟಿಗೆ “ಪ್ಲೀಸ್ ಕಮ್” ಎಂದು ಹೇಳಿಸಿ ಕಳಿಸಿದೆ. ಸಂದೇಶದ ಕೆಳಗೆ, ಹೋಗಿದೆ ಎನ್ನುವ ಒಂದು ಟಿಕ್ ಗೆರೆ ಬಿದ್ದಿದೆ. ತಲುಪಿತು ಎನ್ನುವ ಎರಡನೆಯ ಗೆರೆ ಬಿದ್ದಿಲ್ಲ.

ಆದ್ದರಿಂದ ಲವೀನಾಬಾಯಿ, ಯಾವ ಪುಟ ಎಂದು ಮತ್ತೆ ಕೇಳಬೇಡಿ. ನಿಮಗೆ ಸರಿ ಕಂಡಲ್ಲಿ ಹಾಕಿ. ಬಾಗಿಲ ತನಕ ಹೋದವರನ್ನು ಕರೆಯುವುದು ಮಾರುವವನ ಕೆಲಸ, ಅದನ್ನು ನಾನು ಮಾಡುತ್ತಿದ್ದೇನೆ. ಪ್ರತಿ ಶುಕ್ರವಾರ ಆಟ ಶುರುವಾಗುವ ಮುಂಚೆ ಆ ನಂಬರಿಗೆ ಫೋನ್ ಹಚ್ಚುತ್ತೇನೆ. ರೆಕಾರ್ಡ್ ಮಾಡಿದ ಒಂದು ಹೆಣ್ಣಿನ ದನಿ ಅವರ ಕಡೆಯ ಅರಬಿಯಲ್ಲಿ ಏನನ್ನೋ ಹೇಳುತ್ತದೆ. ‘ಈಗ’ ಎನ್ನುವ ಒಂದು ಶಬ್ದ ಮಾತ್ರ ನನಗೆ ಅರ್ಥವಾಗುತ್ತದೆ. ಈಗ ಇಲ್ಲ ಎನ್ನುತ್ತಾಳೋ, ಈಗ ಸಿಗುವುದಿಲ್ಲ ಎನ್ನುತ್ತಾಳೋ, ಅರಬಿ ಬಲ್ಲವರಿಗೆ ಯಾರಿಗಾದರೂ ನಾನು ಕೇಳಿಸಿದರೆ ಗೊತ್ತಾಗುತ್ತದೆ.

ನಾನು ಇನ್ನೂ ಯಾರಿಗೂ ಕೇಳಿಸಿಲ್ಲ.